ತಕ್ಕಡಿ ಬುಟ್ಟಿಗೆ ಹಚ್ಚಿದ ವಿಭೂತಿ

ನಾನು ಒಂದು ಪುಟ್ಟ ಪ್ಲಾಟಿನಂ ಬುಟ್ಟಿ, ಹುಣಸೆಬೀಜದಷ್ಟು ಗಾತ್ರ. ಧಾರವಾಡದ ಮೌನೇಶಪ್ಪ ಪತ್ತಾರ ಮೂಗುತಿ ಮಾಡುವ ಚಿಮಟದಿಂದಲೇ ನನ್ನನ್ನು ಹೆಣೆದ. "ಇಷ್ಟ ಸಣ್ಣ ಬುಟ್ಟ್ಯಾಗ ಏನ್ ತರ್ತೀರ್ರಿ, ಸಾಸವಿ ಏನು?" ಎಂದು ನಕ್ಕ. ಮಾಡಿಸಿದವರು ಎಂಜಿನಿಯರಿಂಗ್ ಕಾಲೇಜಿನ ಗುಡಗುಂಟಿ ಸರ್. ಅವರು ನಗಲಿಲ್ಲ. ಅವರು ನಕ್ಕದ್ದನ್ನು ನಾನು ಇವತ್ತಿಗೂ ನೋಡಿಲ್ಲ.

ಪ್ರಯೋಗಾಲಯದಲ್ಲಿ ನನ್ನನ್ನು ಕೂದಲೆಳೆಯಂಥ ತಂತಿಗೆ ಕಟ್ಟಿ, ಸೂಕ್ಷ್ಮ ತಕ್ಕಡಿಯಿಂದ ಕುಲುಮೆಯೊಳಗೆ ಇಳಿಬಿಟ್ಟರು. ಅಂದಿನಿಂದ ನನಗೆ ನೆಮ್ಮದಿ ಇಲ್ಲ. ಹೊರಗೆ ಬಸ್ಸು ಹೋದರೆ ನಡುಗುತ್ತೇನೆ, ಯಾರಾದರೂ ಬಾಗಿಲು ದೂಡಿದರೆ ತೂಗಾಡುತ್ತೇನೆ. ನಾನು ನಡುಗಿದರೆ ತೂಕದ ಗೆರೆ ಎಳೆಯುವ ಲೇಖನಿಯೂ ನಡುಗುತ್ತದೆ. ಬೈಗುಳ ಮಾತ್ರ ನನಗೆ.

ಕೆಲವು ವರ್ಷ ಕಲ್ಲಿದ್ದಲು ಹೊತ್ತು, ಆಮೇಲೆ ಸಂಶೋಧನೆಗೆ ಬಂದ ದಾಕ್ಷಾಯಿಣಿ ಹೂಗಾರಳ ಕೈ ಸೇರಿದೆ. ಆಕೆಯ ಅಪ್ಪ ಒಂದು ಕಾಗದದ ಗಿರಣಿಯಲ್ಲಿ ಬಾಯ್ಲರ್ ಕೆಲಸಗಾರ. ಬಿದಿರು ಬೇಯಿಸಿ ನಾರು ತೆಗೆದ ಮೇಲೆ ಉಳಿಯುವ ಕಪ್ಪು ದ್ರವವನ್ನು ಅಲ್ಲಿ ಸುಡುತ್ತಾರೆ. ಒಮ್ಮೆ ಆ ಬಾಯ್ಲರಿನೊಳಗೆ ಕರಗಿ ಕುದಿಯುತ್ತಿದ್ದ ಕ್ಷಾರದ ಮೇಲೆ ನೀರು ಸೋರಿ, ಸಿಡಿದು, ಅಪ್ಪನ ಎರಡೂ ಕೈ ಬೆಂದವು. ಸುಡುವ ಬದಲು ಕ್ಷಾರ ಕರಗದಷ್ಟು ಕಡಿಮೆ ಕಾವಿನಲ್ಲಿ ಅದನ್ನು ಅನಿಲವಾಗಿಸಿದರೆ ಈ ಅಪಾಯವಿಲ್ಲ ಎಂಬುದು ಮಗಳ ಹಟ. ಎಷ್ಟು ಕಾವಿಗೆ ಎಷ್ಟು ಬೇಗ ಅನಿಲವಾಗುತ್ತದೆ ಎಂದು ಅಳೆಯುವುದೇ ನಮ್ಮಿಬ್ಬರ ಕೆಲಸವಾಯಿತು.

ಆ ದ್ರವವನ್ನು ಒಣಗಿಸಿ ಇದ್ದಿಲಾಗಿಸಿ, ಚೂರೊಂದನ್ನು ನನ್ನೊಳಗಿಟ್ಟು ಹಬೆ ಬಿಡುತ್ತಿದ್ದಳು. ಅರ್ಧ ಗಂಟೆಯಲ್ಲಿ ಇದ್ದಿಲು ಅನಿಲವಾಗಿ ಹಾರಿ ನಾನು ಹಗುರಾಗುತ್ತಿದ್ದೆ. ಆಮ್ಲದಲ್ಲಿ ತೊಳೆದು ಕ್ಷಾರ ತೆಗೆದ ಇದ್ದಿಲು ಮಾತ್ರ ಸಂಜೆಯಾದರೂ ಜಪ್ಪಯ್ಯ ಅನ್ನುತ್ತಿರಲಿಲ್ಲ. ದ್ರವದ ಕ್ಷಾರವೇ ವೇಗ ಕೊಡುತ್ತದೆ, ಹಾಗಾಗಿ ಕಡಿಮೆ ಕಾವು ಸಾಕು ಎಂದು ಬರೆದಳು. ದಸರೆ ಕಳೆದ ಮೇಲೆ ಗಿರಣಿಯವರು ಬಂದು ನೋಡಿ, ಒಪ್ಪಿದರೆ ಒಂದು ಘಟಕ ಕಟ್ಟುವುದೆಂದು ಮಾತಾಯಿತು.

ನವಮಿಯ ದಿನ ಜವಾನ ಮುದಕಪ್ಪ ಉಪಕರಣಗಳಿಗೆಲ್ಲ ಖಂಡೇಪೂಜೆ ಮಾಡಿದ. ಕುಲುಮೆಗೆ ಹೂ ಏರಿಸಿ, ತಕ್ಕಡಿಗೆ ಕುಂಕುಮ ಇಟ್ಟು, ನನ್ನನ್ನೂ ಇಳಿಸಿ ಮೈತುಂಬ ವಿಭೂತಿ ಒರೆಸಿದ. ಅದು ಸಗಣಿ ಸುಟ್ಟ ಬೂದಿ. ಅದರಲ್ಲೂ ಕ್ಷಾರವಿದೆ.

ರಜೆ ಮುಗಿಸಿ ಬಂದ ದಾಕ್ಷಾಯಿಣಿ ವಾಡಿಕೆಯಂತೆ ಖಾಲಿ ಇದ್ದ ನನ್ನ ತೂಕವನ್ನು ಸೊನ್ನೆಗೆ ಹೊಂದಿಸಿದಳು. ವಿಭೂತಿಯೂ ಆ ಸೊನ್ನೆಯೊಳಗೆ ಮುಚ್ಚಿಹೋಯಿತು. ಬಿಳಿ ಮೈಮೇಲೆ ಬಿಳಿ ಬೂದಿ ಯಾರಿಗೆ ಕಾಣಬೇಕು? ತೊಳೆದ ಇದ್ದಿಲು ಅಂದು ಮುಕ್ಕಾಲು ಗಂಟೆಯಲ್ಲೇ ಹಾರಿಹೋಯಿತು. ನನ್ನನ್ನು ಆಮ್ಲದಲ್ಲಿ ಅದ್ದುವುದು ಶನಿವಾರ ಮಾತ್ರ, ಹಾಗಾಗಿ ಮರುದಿನವೂ ಅದೇ ಕಥೆ.

"ಕ್ಷಾರ ತೆಗದದ್ದೂ ಹಾರತೈತಿ ಅಂದ್ರ ಕ್ಷಾರದ ಮಾತ ಸುಳ್ಳು. ಗಿರಣಿಯವರಿಗೆ ಬರಬ್ಯಾಡ್ರಿ ಅಂತ ಫೋನ್ ಮಾಡ್ತೀನಿ" ಎಂದರು ಸರ್.

ಹೇಳಲು ನನಗೆ ಬಾಯಿಲ್ಲ. ತಂತಿಯಲ್ಲೇ ಒದ್ದಾಡಿದೆ. ಲೇಖನಿ ಕುಣಿಯಿತು. "ಆ ಫ್ಯಾನ್ ಬಂದ್ ಮಾಡ್ರಿ" ಎಂದು ಗದರಿ ಹೊರಟುಹೋದರು.

ದಾಕ್ಷಾಯಿಣಿ ಮೇಜಿಗೆ ಹಣೆ ಹಚ್ಚಿ ಅತ್ತಳು. ಮುದಕಪ್ಪ ಚಹಾ ತಂದಿಟ್ಟ.

"ಅಳಬ್ಯಾಡವಾ. ನಿನ್ನ ಕೆಲಸ ಛಲೋ ಆಗ್ಲಿ ಅಂತ ಆ ಬುಟ್ಟಿಗೂ ಈಬತ್ತಿ ಹಚ್ಚಿದ್ನಿ. ದೇವ್ರು ಹಿಂಗ್ಯಾಕ ಮಾಡಿದ್ನೋ."

ಆಕೆ ತಟ್ಟನೆ ತಲೆ ಎತ್ತಿದಳು. "ಕಾಕಾ, ಯಾವ ಬುಟ್ಟಿಗಿ?"

ಆಗಲೇ ನನ್ನನ್ನು ಆಮ್ಲದಲ್ಲಿ ಮೀಯಿಸಿದಳು. ತೊಳೆದ ಇದ್ದಿಲು ಮತ್ತೆ ಹಳೆಯ ಸೋಮಾರಿಯಾಯಿತು. ಆಮೇಲೆ ಬೇಕೆಂದೇ ಚಿಟಿಕೆ ವಿಭೂತಿ ಹಚ್ಚಿ ನೋಡಿದಳು. ಮುಕ್ಕಾಲು ಗಂಟೆ! ಕ್ಷಾರದ ಮಾತಿಗೆ ಇದಕ್ಕಿಂತ ಸಾಕ್ಷಿ ಬೇಕೆ? ಆ ಗೆರೆ ನೋಡಿದ ಸರ್ ಫೋನ್ ಮಾಡಲಿಲ್ಲ. ಗಿರಣಿಯವರು ಬಂದರು, ಒಪ್ಪಿದರು, ಘಟಕ ಕಟ್ಟಿದರು. ಆಕೆಯ ಅಪ್ಪ ಬೆಂದ ಕೈಗಳಿಂದಲೇ ಅದರ ಮೊದಲ ಕವಾಟ ತಿರುಗಿಸಿದನಂತೆ.

ಮುದಕಪ್ಪ ಮಾತ್ರ ಆಮೇಲೆ ವರ್ಷಗಟ್ಟಲೆ ನನ್ನನ್ನು ಮುಟ್ಟಲಿಲ್ಲ. ನವಮಿ ಬಂದರೆ ದೂರದಿಂದಲೇ ಕೈ ಮುಗಿಯುತ್ತಿದ್ದ. ನನಗೆ ಸಂಕಟವಾಗುತ್ತಿತ್ತು.

ಈಗ ನನ್ನ ಜಾಲರಿ ಹರಿದಿದೆ. ದಾಕ್ಷಾಯಿಣಿ ಅದೇ ಕಾಲೇಜಿನಲ್ಲಿ ಮೇಡಂ. ಆಕೆಯ ಮೇಜಿನ ಖಾನೆಯಲ್ಲಿ, ಬೆಂಕಿಪೊಟ್ಟಣವೊಂದರಲ್ಲಿ ನನ್ನ ವಾಸ. ಬಸ್ಸು ಹೋದರೆ ಈಗಲೂ ನಡುಗುತ್ತೇನೆ. ಹಳೆಯ ಚಾಳಿ, ಬಿಡುವುದಿಲ್ಲ.

ಕಳೆದ ನವಮಿಗೆ, ನಿವೃತ್ತನಾಗಿದ್ದ ಮುದಕಪ್ಪನನ್ನು ಆಕೆ ಕರೆಸಿದಳು. ಪೊಟ್ಟಣ ತೆರೆದು ನನ್ನನ್ನು ಅವನ ಅಂಗೈಗೆ ಹಾಕಿದಳು.

"ಹಚ್ಚು ಕಾಕಾ. ಇನ್ನ ಇದು ಯಾವ ತೂಕಾನೂ ಮಾಡೂದಿಲ್ಲ."

ವಿಭೂತಿ ಅದ್ದಿದ ಬೆರಳನ್ನು ಅವನು ನನ್ನ ಮೈಮೇಲೆ ಮೆಲ್ಲಗೆ ಆಡಿಸಿದ. ನಾನು ನಡುಗಿದೆ. ಈ ಸಲ ಯಾರೂ ಫ್ಯಾನ್ ಬಂದ್ ಮಾಡಿ ಅನ್ನಲಿಲ್ಲ.