ದೊಡ್ಡಗಂಗಮ್ಮ ಸುಮ್ಮನೆ ನಿಂತ ಮೂರು ಗಂಟೆ

ಶ್ರೀನಿವಾಸಪುರದ ಹೊರಗಿನ ಮಾವಿನ ತಿರುಳು ಕಾರ್ಖಾನೆಯಲ್ಲಿ ಇಪ್ಪತ್ತೆರಡು ಹಂಗಾಮು ದುಡಿದ ದೊಡ್ಡಗಂಗಮ್ಮನಿಗೆ ತಾನು ಸೋಮಾರಿ ಅನ್ನುವುದು ಗೊತ್ತಾಗಿದ್ದು ಈ ವರ್ಷವೇ. ವರದಿಯಲ್ಲಿ ಹಾಗೇ ಬರೆದಿತ್ತು: ಸುಮ್ಮನೆ ನಿಂತ ಸಮಯ, ದಿನಕ್ಕೆ ಮೂರು ಗಂಟೆ.

ಬರೆದವನು ಮುರಳಿಮೋಹನ್. ಯಾರು ಯಾವ ಕೆಲಸ ಮಾಡಬೇಕು, ಯಾರು ಯಾರ ಮಾತು ಕೇಳಬೇಕು ಅಂತ ಕಂಪನಿಗಳಿಗೆ ಹೇಳಿಕೊಡುವ ಸಲಹೆಗಾರ. ಎರಡು ವಾರ ಗಡಿಯಾರ ಹಿಡಿದು ಎಲ್ಲರ ಬೆನ್ನ ಹಿಂದೆ ಸುತ್ತಿದ್ದ. ಕೆಟ್ಟವನೇನಲ್ಲ, ಮಾತಿಗೊಮ್ಮೆ 'ಅಮ್ಮ' ಅನ್ನುತ್ತಿದ್ದ. ಅಮ್ಮ ಅಮ್ಮ ಅನ್ನುತ್ತಲೇ ಅವಳ ಬುಡಕ್ಕೆ ಕೊಡಲಿ ಹಾಕಿದ.

ಊಟದ ಶೆಡ್ಡಿನ ಗೋಡೆಗೆ ದೊಡ್ಡ ಪಟ ಅಂಟಿಸಿದ್ದರು. ಪಟದ ತುಂಬ ಚೌಕಗಳು, ಚೌಕದೊಳಗೆ ಹೆಸರುಗಳು. ಜೊತೆಯಲ್ಲಿ ದುಡಿಯುವ ಗಂಗಾಲಕ್ಷ್ಮಿ ಓದಿ ಹೇಳಿದಳು.

"ಅಕ್ಕಾ, ಹಣ್ಣು ಮಾಗಿಸೋ ಗೋದಾಮಲ್ಲಿ ನಿನ್ನ ಹೆಸರೇ ಇಲ್ಲ. ಸಿಪ್ಪೆ ತಳ್ಳೋರ ಜೊತೆ ಹಾಕವ್ರೆ."

ದೊಡ್ಡಗಂಗಮ್ಮ ನೆಟ್ಟಗೆ ಮುರಳಿಮೋಹನನ ಮುಂದೆ ಹೋಗಿ ನಿಂತಳು. "ಏಮಯ್ಯಾ, ನಾನು ಸುಮ್ನೆ ನಿಂತಿದ್ನಾ?"

"ನಾನೇ ನೋಡಿದೀನಮ್ಮ. ಕ್ರೇಟುಗಳ ಮಧ್ಯೆ ನಿಂತ್ಕೋತೀರಿ, ಕೈ ಕೆಲಸ ಏನೂ ಇರಲ್ಲ."

"ಕೈ ನೋಡ್ದೆ ಸರಿ. ಮೂಗು ನೋಡ್ದಾ?"

ಹೆಂಗಸರೆಲ್ಲ ನಕ್ಕರು. ಮುರಳಿಮೋಹನನೂ ನಕ್ಕ. ಆದರೆ ಅವಳು ಹೇಳಿದ್ದು ನಿಜವೇ. ಯಾವ ಲೋಡು ಹದಕ್ಕೆ ಬಂದಿದೆ, ಯಾವುದು ಇನ್ನೊಂದು ದಿನ ಕಾಯಬೇಕು, ಯಾವ ಮೂಲೆಯಲ್ಲಿ ಹಣ್ಣು ಒಳಗೊಳಗೇ ಹುಳಿಯುತ್ತಿದೆ, ಎಲ್ಲವನ್ನೂ ಅವಳು ನಿಂತು ಉಸಿರೆಳೆದೇ ಹೇಳುತ್ತಿದ್ದಳು. ಅವಳು ಹೂಂ ಅನ್ನುವ ತನಕ ಒಂದು ಕ್ರೇಟೂ ಬೆಲ್ಟು ಹತ್ತುತ್ತಿರಲಿಲ್ಲ. ಇನ್ನು ಮೇಲೆ ಆ ಹೂಂ ಬೇಕಿಲ್ಲ, ಗೇಟಿಗೆ ಬಂದ ತಾರೀಕು ನೋಡಿ ಕಳಿಸಿದರಾಯಿತು ಅನ್ನುವುದು ಹೊಸ ಪದ್ಧತಿ.

"ಮಾಡೋದಾದ್ರೆ ಮಾಡು, ಇಲ್ದಿದ್ರೆ ಗೇಟು ಅಲ್ಲೈತೆ," ಅಂದ ಮ್ಯಾನೇಜರ್ ಕೋದಂಡರಾಮಪ್ಪ.

ಮಾಡಿದಳು. ಸಿಪ್ಪೆ ತಳ್ಳುವುದೂ ಕೆಲಸವೇ, ಅದಕ್ಕೇನು. ಆದರೆ ಇಪ್ಪತ್ತೆರಡು ವರ್ಷ ಉಸಿರಾಡಿದ್ದನ್ನೇ ಸೋಮಾರಿತನ ಅಂದರಲ್ಲ, ಅದು ಮಾತ್ರ ಅವಳ ಗಂಟಲಲ್ಲಿ ಇಳಿಯಲಿಲ್ಲ.

ಐದನೆಯ ದಿನ ಸಿಪ್ಪೆಯ ಗಾಡಿ ತಳ್ಳುತ್ತಿದ್ದವಳು ಗಕ್ಕನೆ ನಿಂತಳು. ಬೆಲ್ಟಿನ ಕಡೆಯಿಂದ ವಾಸನೆ ಬಂತು, ಸಣ್ಣಗೆ, ಹುಳಿಯಾಗಿ. ಗಾಡಿ ಅಲ್ಲೇ ಬಿಟ್ಟು ಓಡಿದಳು. ಸೂಪರ್‌ವೈಸರ್ ಬಿಟ್ಟು ಬೇರೆ ಯಾರೂ ಮುಟ್ಟಕೂಡದ ಕೆಂಪು ಗುಂಡಿಯನ್ನು ಅಂಗೈಯಿಂದ ಗುದ್ದಿದಳು. ಇಡೀ ಕಾರ್ಖಾನೆ ನಿಂತುಹೋಯಿತು.

"ಯಾರೇ ನಿಂಗೆ ಅಧಿಕಾರ ಕೊಟ್ಟಿದ್ದು?" ಕೋದಂಡರಾಮಪ್ಪ ಕೂಗಾಡುತ್ತ ಬಂದ, ಅವನ ಹಿಂದೆಯೇ ಮುರಳಿಮೋಹನ್.

ಅವಳು ಅವನ ಕಡೆ ತಿರುಗಲೂ ಇಲ್ಲ. ಒಂದು ಕೈ ಗುಂಡಿಯ ಮೇಲೇ ಇಟ್ಟು, ಇನ್ನೊಂದರಿಂದ ಬೆಲ್ಟಿನ ಮೇಲಿನ ಒಂದು ತೋತಾಪುರಿ ಎತ್ತಿ ಮುರಳಿಮೋಹನನ ಕೈಗಿಟ್ಟಳು. ಮೇಲೆ ಬಂಗಾರದ ಬಣ್ಣ. ಅವನು ಕೊಯ್ದ. ಒಳಗೆ ಕಂದು ನೊರೆ.

"ಬೈರಕೂರಿನ ಲೋಡು ಇದು. ಕಿತ್ತು ಎರಡು ದಿನ ಟಾರ್ಪಾಲಿನ ಕೆಳಗೆ ಬೆಂದು ಬಂದೈತೆ. ನಿನ್ನ ಚೀಟೀಲಿ ಗೇಟಿಗೆ ಬಂದ ತಾರೀಕು ಮಾತ್ರ ಐತೆ. ಇದು ಹೋಗಿ ಸೇರಿದ್ರೆ ತಿರುಳಿನ ಟ್ಯಾಂಕೆಲ್ಲ ಹುಳಿ."

ಮುರಳಿಮೋಹನ್ ಹಣ್ಣನ್ನು ಮೂಗಿನ ಹತ್ತಿರ ಹಿಡಿದ. ತಟ್ಟನೆ ದೂರ ಹಿಡಿದ. ಕೋದಂಡರಾಮಪ್ಪನ ದನಿಯೂ ಇಳಿಯಿತು. "ಆಯ್ತಮ್ಮ, ನಿನ್ನ ಹಳೇ ಜಾಗಕ್ಕೆ ಹೋಗು. ಮೊದ್ಲು ಗುಂಡಿ ಬಿಡು."

"ಯಾವ ಜಾಗ? ಪಟದಲ್ಲಿ ತೋರ್ಸಿ."

ಗುಂಡಿಯ ಮೇಲಿನ ಕೈ ಅಲುಗಲಿಲ್ಲ. ಗಂಗಾಲಕ್ಷ್ಮಿ ಬಂದು ಪಕ್ಕದಲ್ಲಿ ನಿಂತಳು. ಆಮೇಲೆ ಕತ್ತರಿಸುವ ಹೆಂಗಸರೆಲ್ಲ ಚಾಕು ಕೆಳಗಿಟ್ಟು ಬಂದರು. ಮುರಳಿಮೋಹನ್ ಹೋಗಿ ಪಟವನ್ನೇ ಕಿತ್ತು ತಂದ. ಗೋದಾಮಿನ ಚೌಕದ ನೆತ್ತಿಯ ಮೇಲೆ ಹೊಸ ಚೌಕ ಎಳೆದು ಅವಳ ಹೆಸರು ಬರೆದ.

"ಕೆಲಸ ಏನಂತ ಬರೀಲಮ್ಮ?"

"ನಿಂತ್ಕೊಳ್ಳೋದು ಅಂತ ಬರಿ. ಇವಳು ಹೂಂ ಅನ್ನದೆ ಹಣ್ಣು ಹೊರಡಕೂಡದು ಅಂತ ಕೆಳಗೆ ಬರಿ."

ಬರೆದ. ಗಂಗಾಲಕ್ಷ್ಮಿ ಎರಡು ಸಲ ಓದಿ ತಲೆಯಾಡಿಸಿದ ಮೇಲೆಯೇ ದೊಡ್ಡಗಂಗಮ್ಮ ಕೈ ತೆಗೆದಳು. ಗೋದಾಮಿನ ಬಾಗಿಲ ತನಕ ನಡೆದು ತಿರುಗಿ ನೋಡಿದಳು.

"ಕೋದಂಡರಾಮಪ್ಪೋರೇ, ಒಂದು ಕುರ್ಚಿ ಕಳ್ಸಿ. ಇಪ್ಪತ್ತೆರಡು ವರ್ಷ ನಿಂತಿದ್ದೀನಿ."