ಇಬ್ಬರ ರಕ್ತಕ್ಕೂ ಹೊಂದಿದ ಎಲುಬು

ಆ ಎರಡು ಮನೆಗಳ ಬಾಗಿಲುಗಳ ನಡುವೆ ಹರಿಗೋಲೊಂದು ಬೋರಲಾಗಿ ಬಿದ್ದಿತ್ತು. ಡಾಂಬರು ಬಳಿದ ಅದರ ಬೆನ್ನಿನ ಮೇಲೆ ಕೋಳಿಗಳು ಓಡಾಡುತ್ತಿದ್ದವು. ನದಿಯಂಚಿನ ಆ ಕೇರಿಯನ್ನು ನೆನೆದಾಗಲೆಲ್ಲ ನನಗೆ ಮೊದಲು ಕಾಣುವುದು ಅದೇ.

ಹೊಳೆಗೆ ಮಹಾಪೂರ ಬಂದಾಗ ನಡುಗಡ್ಡೆಯಲ್ಲಿ ಸಿಕ್ಕಿಕೊಂಡ ಕುರಿಗಾಹಿಗಳನ್ನು ಕರೆತರಲು ಹೋದ ಇಬ್ಬರು ತರುಣರು ಮರಳಿರಲಿಲ್ಲ. ಖಾಲಿ ಹರಿಗೋಲಷ್ಟೇ ಸಿಕ್ಕಿತ್ತು. ಯಮನೂರ, ಹುಲಿಗೆವ್ವನ ಮಗ. ಜಂಬಣ್ಣ, ಅವಳ ತಂಗಿ ತಿಪ್ಪವ್ವನ ಮಗ. ಅಕ್ಕತಂಗಿಯರು ಅಣ್ಣತಮ್ಮಂದಿರನ್ನೇ ಮದುವೆಯಾಗಿ, ಇಬ್ಬರೂ ಗಂಡಂದಿರನ್ನು ಕಳೆದುಕೊಂಡು, ಒಂದೇ ಗೋಡೆಯ ಆಚೀಚೆ ಮಕ್ಕಳನ್ನು ಬೆಳೆಸಿದ್ದರು. ಹುಡುಗರದು ಒಂದೇ ಓರಗೆ, ಒಂದೇ ಎತ್ತರ. ನೀರಿಳಿದ ಮೇಲೆ ಬಹುದೂರದ ಜಾಲಿಕಂಟಿಯಲ್ಲಿ ಒಂದು ದೇಹ ಸಿಕ್ಕಿತು. ಒಂದೇ. ಮುಖವಾಗಲಿ ಬಟ್ಟೆಯಾಗಲಿ ಉಳಿದಿರಲಿಲ್ಲ.

ನಾನಾಗ ಪೊಲೀಸರ ಪ್ರಯೋಗಾಲಯದಲ್ಲಿದ್ದೆ. ತೊಡೆಯೆಲುಬಿನ ತುಂಡೊಂದು, ಇಬ್ಬರು ತಾಯಂದಿರ ರಕ್ತ ನನ್ನ ಮೇಜಿಗೆ ಬಂದವು. ಡಿಎನ್ಎಯ ಪ್ರತಿಯೊಂದು ಗುರುತಿನಲ್ಲೂ ಅರ್ಧ ತಾಯಿಯದು, ಅರ್ಧ ತಂದೆಯದು. ಅಂಥ ಕೆಲವು ಗುರುತುಗಳನ್ನು ಹೋಲಿಸಿದರೆ ಯಾರ ಮಗನೆಂದು ತಿಳಿಯಬೇಕು. ಎಲುಬು ಹುಲಿಗೆವ್ವನ ರಕ್ತಕ್ಕೆ ಹೊಂದಿತು. ತಿಪ್ಪವ್ವನ ರಕ್ತಕ್ಕೂ ಹೊಂದಿತು.

ನಮ್ಮ ಮೇಲಧಿಕಾರಿ ಭುಜಂಗರಾಯರು ಲೆಕ್ಕ ಹಾಕಿ ನೋಡಿ, "ಅಕ್ಕನ ಕಡೆಗೇ ತೂಕ ಹೆಚ್ಚಿದೆಯಲ್ಲ. ಎಲುಬಿನಲ್ಲಿರುವ ಈ ಅಪರೂಪದ ಗುರುತು ಇಬ್ಬರಲ್ಲಿ ಅವಳಿಗೆ ಮಾತ್ರ ಇದೆ. ಬರೆದು ಕಳಿಸಿಬಿಡಿ" ಎಂದರು.

"ಅಪರೂಪ ಅಂತ ಹೇಳೋ ಪಟ್ಟಿ ನಗರದವರ ರಕ್ತ ನೋಡಿ ಮಾಡಿದ್ದು ಸರ್. ಆ ಕೇರಿಯಲ್ಲಿ ತಲೆತಲಾಂತರದಿಂದ ಅವರವರಲ್ಲೇ ಕೊಟ್ಟು ತಂದು ಮಾಡ್ತಾರೆ. ಅಲ್ಲಿ ಅದು ಮನೆಮನೆಯಲ್ಲೂ ಇರಬಹುದು, ಹುಡುಗನಿಗೆ ತಂದೆಯಿಂದಲೂ ಬಂದಿರಬಹುದು."

ರಾಯರು ಲೆಕ್ಕದ ಹಾಳೆಯನ್ನು ನನ್ನ ಕಡೆಗೆ ಸರಿಸಿದರು. "ಹಾಗಾದರೆ ಹೋಗಿ ನೋಡಿಕೊಂಡು ಬನ್ನಿ."

ಕೇರಿಯವರು ಒಬ್ಬೊಬ್ಬರಾಗಿ ಬಂದು ರಕ್ತ ಕೊಡಲು ತೋಳು ಚಾಚಿದರು. ಅಕ್ಕತಂಗಿಯರು ಹರಿಗೋಲಿನ ಆ ಬದಿಗೊಬ್ಬರು ಈ ಬದಿಗೊಬ್ಬರು ಕುಳಿತಿದ್ದರು. ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ. ದೇಹ ಸಿಕ್ಕ ದಿನದಿಂದ ಮಾತು ಬಿಟ್ಟಿದ್ದಾರೆಂದು ಯಾರೋ ಹೇಳಿದರು. ಮಗನ ಮಣ್ಣಿಗಾಗಿ ಜಗಳವಾಡಿರಬೇಕು ಎಂದುಕೊಂಡೆ.

ಮತ್ತೊಮ್ಮೆ ರಕ್ತ ತೆಗೆಯಲೆಂದು ತೋಳಿಗೆ ಪಟ್ಟಿ ಬಿಗಿಯುವಾಗ ಹುಲಿಗೆವ್ವ ನನ್ನ ಕಿವಿಯ ಬಳಿ ಬಾಗಿದಳು. "ಅಂವ ನನ್ನ ಮಗ ಅಲ್ರೀ ಮೇಡಂ. ನನ್ನ ಯಮನೂರ ಈಜಿನ್ಯಾಗ ಹುಲಿ. ಎಲ್ಲೋ ದಂಡಿ ಹತ್ತ್ಯಾನ. ಅದನ್ನ ತಂಗಿಗೆ ಕೊಟ್ಟುಬಿಡ್ರಿ."

ತಿಪ್ಪವ್ವ ನೀರು ಕೊಡುವ ನೆಪದಲ್ಲಿ ನನ್ನನ್ನು ಒಳಗೆ ಕರೆದಳು. "ಅಕ್ಕನ ಮಗಂದ ಅದು. ಜಂಬಣ್ಣ ಬರ್ತಾನ್ರಿ. ನನಗ ಬ್ಯಾಡ."

ಅವರು ದೇಹಕ್ಕಾಗಿ ಜಗಳವಾಡಿರಲಿಲ್ಲ. ಒಬ್ಬಳು ಇನ್ನೊಬ್ಬಳ ಬಾಗಿಲಿಗೆ ಸಾವನ್ನು ದೂಡುತ್ತಿದ್ದಳು. ಹಾಗೆ ದೂಡುವುದು ಎಂಥ ಪಾಪವೆಂದು ಇಬ್ಬರಿಗೂ ಗೊತ್ತಿತ್ತು. ಅದಕ್ಕೇ ಮುಖ ನೋಡಲಾಗುತ್ತಿರಲಿಲ್ಲ.

ನಗರದ ಪಟ್ಟಿಯಲ್ಲಿ ಅಪರೂಪವೆಂದಿದ್ದ ಆ ಗುರುತು ಕೇರಿಯ ಅರ್ಧ ಜನರಲ್ಲಿತ್ತು. ಮೊದಲ ಲೆಕ್ಕ ನಿಲ್ಲುವಂತಿರಲಿಲ್ಲ. ಇನ್ನಷ್ಟು ಗುರುತುಗಳನ್ನು ಹುಡುಕಿ ನೋಡುತ್ತ ಹೋದೆ. ಕೊನೆಗೆ ಒಂದು ಕಡೆ ಹುಲಿಗೆವ್ವನ ರಕ್ತ ಎಲುಬಿಗೆ ಹೊಂದಲಿಲ್ಲ. ಆಮೇಲೆ ಇನ್ನೊಂದು ಕಡೆ, ಮತ್ತೊಂದು ಕಡೆ. ತಿಪ್ಪವ್ವನದು ಎಲ್ಲಿಯೂ ತಪ್ಪಲಿಲ್ಲ.

ಹೇಳಲು ನಾನೇ ಹೋದೆ. ಅಂಗಳದಲ್ಲಿ ನಿಂತು ಜಂಬಣ್ಣನ ಹೆಸರು ಹೇಳಿದೆ. ಅಕ್ಕಿ ಕೇರುತ್ತಿದ್ದ ತಿಪ್ಪವ್ವ ಮೊರವನ್ನು ಮೆಲ್ಲನೆ ಕೆಳಗಿಟ್ಟಳು. ಅಳಲಿಲ್ಲ. ಆಗ ತನ್ನ ಬಾಗಿಲಲ್ಲಿ ನಿಂತಿದ್ದ ಹುಲಿಗೆವ್ವನ ಮುಖದಲ್ಲಿ ಒಂದು ಕ್ಷಣ ಬೆಳಕೊಂದು ಹಾದುಹೋಯಿತು. ಅದನ್ನು ನಾನು ನೋಡಿದೆ. ತಿಪ್ಪವ್ವನೂ ನೋಡಿದಳು. ತಂಗಿ ನೋಡಿದ್ದು ಅಕ್ಕನಿಗೂ ತಿಳಿಯಿತು; ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮರುದಿನ ಮಣ್ಣು ಮಾಡುವಾಗ ಹುಲಿಗೆವ್ವ ಎಲ್ಲರಿಗಿಂತ ತಡವಾಗಿ ಬಂದಳು. ಕೈಯಲ್ಲಿ ಯಮನೂರನ ಒಂದು ನೀಲಿ ಅಂಗಿ. ಅದನ್ನು ಕುಣಿಯೊಳಗೆ ಇಳಿಬಿಟ್ಟಳು.

"ಕೂಡೇ ಹೋಗಿದ್ರು. ಕೂಡೇ ಇರ್ಲಿ" ಎಂದಳು.

ತಿಪ್ಪವ್ವ ಕುಣಿಗೆ ಇಳಿದಳು. ಗಂಡಸರು ತಡೆಯಲು ಕೈ ಚಾಚಿದರೂ ಕೇಳಲಿಲ್ಲ. ಮಗನ ಮೇಲೆ ಬಿದ್ದಿದ್ದ ಅಂಗಿಯನ್ನು ಎತ್ತಿಕೊಂಡು, ಮೇಲೆ ಬಂದು, ಮಣ್ಣು ಕೊಡವಿ ಅಕ್ಕನ ಕೈಗಿಟ್ಟಳು.

"ಹುಚ್ಚಿ ಏನ್ ಬೇ ಅಕ್ಕ ನೀ? ನಾಳೆ ಬಂದರ ಏನ್ ಹಾಕ್ಕೋತಾನ?"

ಹುಲಿಗೆವ್ವ ಆಗ ಅತ್ತಳು. ತಂಗಿಯ ಕೊರಳಿಗೆ ಬಿದ್ದು, ಹೊಳೆಯ ಆಚೆ ದಡಕ್ಕೂ ಕೇಳುವ ಹಾಗೆ ಅತ್ತಳು.

ಯಮನೂರ ಸಿಗಲೇ ಇಲ್ಲ. ವರುಷಗಳ ಮೇಲೆ ಬೇರಾವುದೋ ಕೆಲಸಕ್ಕೆ ಹೋದವಳು ಆ ಕೇರಿಯನ್ನು ಹಾದು ಬಂದೆ. ತಿಪ್ಪವ್ವನ ತಲೆ ಪೂರ್ತಿ ನರೆತಿತ್ತು. ಬಣ್ಣ ಹೋದ ಅದೇ ನೀಲಿ ಅಂಗಿಯನ್ನು ಹಿಂಡಿ, ತೋಳುಗಳ ಸುಕ್ಕನ್ನು ಅಂಗೈಯಿಂದ ತೀಡಿ ತೀಡಿ, ಅವಳು ಬಿಸಿಲಿಗೆ ಹರವುತ್ತಿದ್ದಳು.