ತಲೆ ಮುಟ್ಟಿದ ಕೈ

ಕೆಸುವಿನ ಗೆಡ್ಡೆಯ ಸಿಪ್ಪೆ ಕೆರೆಯುತ್ತಿದ್ದ ಲೆಸಿಯೆಲಿ, ಮೊಣಕೈ ತುರಿಸಿಕೊಳ್ಳಲೆಂದು ಚಾಕು ಕೆಳಗಿಟ್ಟಳು. ಸಾವಿನ ದುಃಖದ ಗುರುತಾಗಿ ಸೊಂಟಕ್ಕೆ ಸುತ್ತಿದ್ದ ಹರಕು ಚಾಪೆ ಅವಳ ಕಿವಿಯವರೆಗೂ ಎದ್ದು ನಿಂತಿತ್ತು. ತಲೆ ತಿರುಗಿಸಿದರೆ ಅದೂ ಕರಕರ ಎನ್ನುತ್ತ ಜೊತೆಗೇ ತಿರುಗುತ್ತಿತ್ತು. ತೀರಿಕೊಂಡವಳು ಸೋದರತ್ತೆ ಪಿಸಿಲಾ. ಸೋದರತ್ತೆ ಸತ್ತಾಗ ಅವಳ ಅಣ್ಣತಮ್ಮಂದಿರ ಮಕ್ಕಳೇ ಎಲ್ಲರಿಗಿಂತ ಕೆಳಗಿನವರು. ಅವರ ಚಾಪೆ ಎಲ್ಲರದಕ್ಕಿಂತ ದೊಡ್ಡದು, ಎಲ್ಲರದಕ್ಕಿಂತ ಹರಕು. ಅವರ ಜಾಗ ಹಿತ್ತಿಲ ಒಲೆಯ ಬಳಿ. ಹೆಣವಿಟ್ಟ ಕೋಣೆಗೆ ಅವರು ಕಾಲಿಡುವಂತಿಲ್ಲ.

"ಆಮೆ ಥರ ಕಾಣ್ತಿದೀಯ ಅಕ್ಕಾ," ಎಂದಳು ಚಿಕ್ಕಪ್ಪನ ಮಗಳು ವಿಕಾ, ನೆಲಗುಂಡಿಯ ಒಲೆಯಲ್ಲಿ ಕಾದ ಕಲ್ಲುಗಳನ್ನು ಕೋಲಿನಿಂದ ಹರಡುತ್ತ.

"ಆಮೆ ಆಗಿದ್ರೆ ಈಜ್ಕೊಂಡಾದ್ರೂ ಹೋಗ್ತಿದ್ದೆ."

ಹೇಳಿದ ಮೇಲೆ ಹೇಳಬಾರದಿತ್ತು ಅನ್ನಿಸಿತು. ವಿಕಾ ಕೋಲು ನಿಲ್ಲಿಸಿ, ಹಡಗು ಇವತ್ತು ಸಾಯಂಕಾಲವೇ ಅಲ್ಲವಾ ಎಂದು ಮೆಲ್ಲಗೆ ಕೇಳಿದಳು. ಇವತ್ತಿನ ಹಡಗು ತಪ್ಪಿದರೆ ರಾಜಧಾನಿಯಲ್ಲಿ ಸೋಮವಾರ ನಡೆಯುವ ವೈದ್ಯಕೀಯ ಕಾಲೇಜಿನ ಸಂದರ್ಶನವೂ ತಪ್ಪುತ್ತದೆ. ಒಲೆಯ ಬಳಿ ಕೂತವರೋ ಸೂತಕ ಕಳೆಯುವವರೆಗೆ ಅಲ್ಲಿಂದ ಏಳುವ ಹಾಗಿಲ್ಲ. ಬಂದವರಿಗೆಲ್ಲ ಬೇಯಿಸಿ ಬಡಿಸುವುದೇ ಅವರ ಅಳು.

ಲೆಸಿಯೆಲಿ ಇನ್ನೊಂದು ಗೆಡ್ಡೆ ಎತ್ತಿಕೊಂಡಳು. ಹೋಗದೇ ಇರಲು ಇಷ್ಟು ಮರ್ಯಾದೆಯ ಕಾರಣ ಮತ್ತೆ ಸಿಗದು ಎಂದು ಬೆಳಗಿನಿಂದ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಹೇಳಿಕೊಂಡಷ್ಟು ಸಲವೂ ಸಿಪ್ಪೆಯ ಜೊತೆ ಗೆಡ್ಡೆಯೂ ಒಂದಿಷ್ಟು ಕೆತ್ತಿಹೋಗುತ್ತಿತ್ತು.

*

ಮೊದಲ ಸಂದರ್ಶನದಲ್ಲಿ ನೆರೆಗೂದಲಿನ ಡಾಕ್ಟರೊಬ್ಬರು ಕೇಳಿದ್ದರು: ನಿನ್ನ ಸೋದರತ್ತೆ ಬಿದ್ದು ತಲೆ ಒಡೆದುಕೊಂಡಿದ್ದಾರೆ, ನೀನೊಬ್ಬಳೇ ಇದ್ದೀಯ, ಏನು ಮಾಡ್ತೀಯ?

ಒಳ್ಳೆಯ ಮನೆಯಲ್ಲಿ ಬೆಳೆದ ಯಾವ ಹುಡುಗಿಯೂ ಹೇಳುವುದನ್ನೇ ಅವಳು ಹೇಳಿದಳು. ಮುಟ್ಟಬಹುದಾದವರನ್ನು ಓಡಿ ಹೋಗಿ ಕರೆತರ್ತೀನಿ. ಅಪ್ಪನ ತಲೆ, ಅಪ್ಪನ ಅಕ್ಕತಂಗಿಯರ ತಲೆ ಮುಟ್ಟಬಾರದೆಂಬುದನ್ನು ಅವಳು ನಡೆಯಲು ಕಲಿಯುವ ಮೊದಲೇ ಕಲಿತಿದ್ದಳು. ಡಾಕ್ಟರು ತಲೆದೂಗಿದರು. ಸೀಟು ಸಿಗಲಿಲ್ಲ. ಮರುವರ್ಷ ಅದೇ ಪ್ರಶ್ನೆಗೆ, ಮುಟ್ಟುತ್ತೇನೆ ಎಂದಳು. "ಯಾವತ್ತಾದ್ರೂ ಮುಟ್ಟಿದೀಯಾ?" ಎಂದರು. ಅವಳಿಗೆ ಸುಳ್ಳು ಬರಲಿಲ್ಲ. ಆ ವರ್ಷವೂ ಸಿಗಲಿಲ್ಲ.

ಎರಡು ಸಲವೂ ಪಿಸಿಲಾ ಅತ್ತೆ ಸಮಾಧಾನದ ಮಾತಾಡಲಿಲ್ಲ. ಅವಳು ಹುಟ್ಟಿದಾಗಿನಿಂದ ಈ ದ್ವೀಪದಲ್ಲೇ ಇದ್ದವಳು, ಮದುವೆಯಾಗಿರಲಿಲ್ಲ, ಓಣಿಯ ಹೆಂಗಸರೊಡನೆ ಚಾಪೆಮನೆಯಲ್ಲಿ ಕೂತು ಹೆಣೆದು, ನಕ್ಕು, ಚರ್ಚಿನ ಹಾಡಿನಲ್ಲಿ ಎಲ್ಲರಿಗಿಂತ ಒಂದು ಸಾಲು ಹಿಂದೆ ಉಳಿದು ಬಾಳಿದವಳು. ಅಳುತ್ತ ಬಂದ ಹುಡುಗಿಯ ಮಡಿಲಿಗೆ ಒಣಗಿದ ಕೇದಗೆ ಎಲೆಯ ಹೊರೆ ಹಾಕಿದಳು.

"ಅಳೋದಾದ್ರೆ ಅಳು. ಕೈ ಮಾತ್ರ ನಿಲ್ಲಿಸ್ಬೇಡ. ನಾಳೆ ಮತ್ತೆ ಅರ್ಜಿ ಬರೀತೀಯಂತೆ."

ಎಲೆ ಸೀಳುತ್ತ ಕತೆ ಹೇಳಿದಳು. ಈ ನಾಡು ಮೊದಲು ಕಡಲಿನ ತಳದಲ್ಲಿ ನಿದ್ದೆ ಮಾಡುತ್ತಿತ್ತಂತೆ. ಗಾಳ ಹಾಕಿದವನಿಗೆ ಮೊದಲು ಸಿಕ್ಕಿದ್ದು ಬರೀ ಪಾಚಿ. ಆಮೇಲೆ ಸಿಕ್ಕಿದ್ದೂ ಪಾಚಿಯೇ. ದೋಣಿಯಲ್ಲಿದ್ದವರು ನಕ್ಕರಂತೆ. ಮೂರನೆಯ ಸಲ ಗಾಳಕ್ಕೆ ಸಿಕ್ಕಿ ಈ ನಾಡೇ ಮೇಲೆದ್ದು ಬಂತಂತೆ. ನಕ್ಕವರ ಹೆಸರು ಏನು ಅಂತ ಲೆಸಿಯೆಲಿ ಕೇಳಿದಾಗ ಅತ್ತೆ, "ಯಾರಿಗೆ ಗೊತ್ತು? ಅವರನ್ನ ಯಾರೂ ನೆನಪಿಟ್ಕೊಂಡಿಲ್ವಲ್ಲ," ಎಂದಿದ್ದಳು.

ಸಕ್ಕರೆ ಕಾಯಿಲೆ ಅವಳ ಕಣ್ಣಿಗೆ ಮಂಜು ಕವಿಸಿದ ಮೇಲೆ ಒಂದು ಮಧ್ಯಾಹ್ನ ಚಾಪೆಮನೆಯ ಮೆಟ್ಟಿಲಲ್ಲಿ ಜಾರಿ ಬಿದ್ದಳು. ಕಿವಿಯ ಹಿಂದಿನಿಂದ ರಕ್ತ ಇಳಿಯುತ್ತಿತ್ತು. ಲೆಸಿಯೆಲಿ ಮಂಡಿಯೂರಿದಳು, ಕೈ ಚಾಚಿದಳು. ಕೈ ಕೂದಲಿಗೆ ತಾಗುವಷ್ಟು ಹತ್ತಿರ ಹೋಗಿ ಅಲ್ಲೇ ನಿಂತಿತು. ಎದ್ದು ಪಕ್ಕದ ಮನೆಗೆ ಓಡಿದಳು.

ಪಟ್ಟಿ ಕಟ್ಟಿಸಿಕೊಂಡ ಅತ್ತೆ, ಓಡೋದರಲ್ಲಿ ನೀನು ಬಲು ಜಾಣೆ ಎಂದು ನಕ್ಕಳು. ಆಮೇಲೆ ಎಲ್ಲರೂ ಹೋದ ಮೇಲೆ ತಲೆ ಬಗ್ಗಿಸಿದಳು. "ಇಡು ಕೈ."

ಲೆಸಿಯೆಲಿಗೆ ಆಗಲಿಲ್ಲ.

"ಬಿಡು. ಇನ್ನೊಂದಿನ ಇಡ್ತೀಯಂತೆ."

ಮೂರನೆಯ ಅರ್ಜಿಯನ್ನು ಅತ್ತೆ ಎದುರಿಗೆ ಕೂತು ಬರೆಸಿದಳು. ಸಂದರ್ಶನಕ್ಕೆ ಕರೆ ಬಂದಾಗ ಅವಳು ಹಾಸಿಗೆ ಹಿಡಿದಿದ್ದಳು. ಅದೇ ಪ್ರಶ್ನೆಗೆ ಮತ್ತೆ ಮುಟ್ಟಿಲ್ಲ ಎಂದು ಹೇಳಿ ಬರುವುದೇಕೆ, ಹೋಗುವುದೇ ಬೇಡ ಎಂದು ಲೆಸಿಯೆಲಿ ಒಳಗೇ ತೀರ್ಮಾನಿಸಿದ್ದನ್ನು ಅತ್ತೆಗೆ ಹೇಳಲಿಲ್ಲ.

*

ಒಳಗೆ ಹಾಡು ನಿಂತಿತು. ಹಿತ್ತಿಲ ಬಾಗಿಲಿಗೆ ಬಂದ ಹೆಂಗಸೊಬ್ಬಳು, ಲೆಸಿಯೆಲಿಯನ್ನು ಫಹು ಕರೆಯುತ್ತಿದ್ದಾರೆ ಎಂದಳು.

ಸತ್ತವರ ತಲೆಯ ಬಳಿ ಕೂರುವ ಹಿರಿಯಳೇ ಫಹು. ಮಣ್ಣಿನ ದಿನ ಅವಳ ಮಾತೇ ಕೊನೆ. ಪಿಸಿಲಾಳಿಗೆ ಫಹುವಾಗಿ ಕೂತವಳು ಅವಳದೇ ಸೋದರತ್ತೆಯ ಮಗಳು ಕಲೊಲೈನಿ. ಮಾತಿಗಿಂತ ಕೆಮ್ಮು ಹೆಚ್ಚು, ಕೆಮ್ಮಿಗಿಂತ ಹಟ ಹೆಚ್ಚು ಎಂದು ಹೆಸರಾದ ಮುದುಕಿ.

ಲೆಸಿಯೆಲಿ ಹೊಸ್ತಿಲಲ್ಲೇ ತಡೆದು ನಿಂತಳು. ಹೊರಗೆ ಜಗಲಿಯಲ್ಲಿದ್ದ ಅವಳ ಅಪ್ಪ ಸಿಯೊಸೈಯಾ ತಗ್ಗಿದ ದನಿಯಲ್ಲಿ ಹೇಳಿದ, "ಅಕ್ಕಾ, ಅವಳು ನನ್ನ ಮಗಳು. ಒಳಗೆ ಬರೋ ಹಾಗಿಲ್ಲ."

"ಸಿಯೊಸೈಯಾ, ಇವತ್ತು ಈ ಮನೇಲಿ ಹಾಗಿದೆ ಹಾಗಿಲ್ಲ ಅನ್ನೋಳು ನಾನು," ಎಂದಳು ಕಲೊಲೈನಿ. ಹುಡುಗಿಯ ಕಡೆ ತಿರುಗಿದಳು. "ನಿನ್ನ ಅತ್ತೆಗೆ ತೊಗಟೆಬಟ್ಟೆ ಸುತ್ತಬೇಕು. ಬಾ, ತಲೆ ಎತ್ತಿ ಹಿಡ್ಕೋ. ಅವಳೇ ಹೇಳಿಟ್ಟು ಹೋಗಿದಾಳೆ."

ಕೂತವರ ಬೀಸಣಿಗೆಗಳೆಲ್ಲ ನಿಂತವು. ಲೆಸಿಯೆಲಿ ಮಂಡಿಯೂರಿ ತೆವಳುತ್ತ ಹೋದಳು. ಚಾಪೆ ಕರಕರ ಎಂದಿತು. ಕೈ ಚಾಚಿದಳು. ಕೈ ಮತ್ತೆ ಅಲ್ಲೇ ನಿಂತಿತು, ಕೂದಲಿಗೆ ತಾಗುವಷ್ಟು ಹತ್ತಿರ. ಯಾರೂ ಅವಸರ ಮಾಡಲಿಲ್ಲ. ಮುದುಕಿ ಕೆಮ್ಮನ್ನೂ ತಡೆದುಕೊಂಡಿದ್ದಳು.

ಆಮೇಲೆ ಎರಡೂ ಅಂಗೈಗಳು ತಲೆಯ ಕೆಳಗೆ ಜಾರಿದವು. ಅವಳು ಅಂದುಕೊಂಡಿದ್ದಕ್ಕಿಂತ ಅದು ಭಾರವಾಗಿತ್ತು. ಕಿವಿಯ ಹಿಂದೆ, ಬೆರಳಿಗೆ ಆ ಹಳೆಯ ಗಾಯದ ಗೀರು ಸಿಕ್ಕಿತು. ಹೆಂಗಸರು ಬಟ್ಟೆ ಸುತ್ತಿ ಮುಗಿಸುವವರೆಗೂ ಅವಳ ಹೆಬ್ಬೆರಳು ಅಲ್ಲೇ ಇತ್ತು.

ಮಣ್ಣು ಮುಗಿಸಿ ಬಂದ ಮೇಲೆ ಲೆಸಿಯೆಲಿ ಹಿತ್ತಿಲಿಗೆ ಹೋಗಿ ಅಭ್ಯಾಸಬಲದಿಂದ ಗೆಡ್ಡೆಯ ಬುಟ್ಟಿಗೆ ಕೈ ಹಾಕಿದಳು.

"ಮುಟ್ಬೇಡ ಅದನ್ನ." ಕಲೊಲೈನಿ ಕೋಲೂರಿಕೊಂಡು ಬಾಗಿಲಲ್ಲಿ ನಿಂತಿದ್ದಳು. "ಹಿರಿಯರ ಹೆಣದ ತಲೆ ಹಿಡಿದ ಕೈ ಅದು. ಸೂತಕ ಕಳೆಯೋವರೆಗೂ ಅನ್ನ ಮುಟ್ಟೋ ಹಾಗಿಲ್ಲ, ಮರೆತ್ಯಾ?"

ಲೆಸಿಯೆಲಿ ಕೈ ಹಿಂದಕ್ಕೆಳೆದುಕೊಂಡಳು. "ಮತ್ತೆ ಒಲೆ ಕೆಲಸ, ಅತ್ತೆ?"

"ಒಲೆ ಹತ್ರ ನಿನ್ನಿಂದ ಏನುಪಯೋಗ? ಉಪಯೋಗ ಇಲ್ದೋರನ್ನ ನಾನು ಹಿಡಿದಿಟ್ಕೊಳ್ಳಲ್ಲ. ಎಲ್ಲಿಗೆ ಬೇಕಾದ್ರೂ ಹೋಗು." ಮುದುಕಿ ದೀರ್ಘವಾಗಿ ಕೆಮ್ಮಿದಳು. "ಅವಳು ಎಲ್ಲಾ ಲೆಕ್ಕ ಹಾಕೇ ಸತ್ತಿದಾಳೆ, ಕಿಲಾಡಿ."

ವಿಕಾ ಆಗಲೇ ಚೀಲ ತಂದು ಬೇಲಿಗೆ ಒರಗಿಸಿದ್ದಳು. ಜಗಲಿಯಲ್ಲಿ ಅಪ್ಪ ಗಾಡಿಯ ಬೀಗದಕೈಗಾಗಿ ಜೇಬು ತಡಕಿದ.

"ಹೊಟ್ಟೆಗೆ ಒಂದಿಷ್ಟು ಹಾಕ್ಕೊಂಡು ಹೋಗು," ಎಂದ ಕಲೊಲೈನಿ, ಕೂತವರೆಲ್ಲ ನೋಡುತ್ತಿದ್ದಂತೆ, ಆ ಹರಕು ಚಾಪೆ ಸುತ್ತಿಕೊಂಡವಳ ಎದುರು ನೆಲದ ಮೇಲೆ ಕೂತಳು. ತನ್ನ ಎಲೆಯಿಂದ ಬಿಸಿ ಗೆಡ್ಡೆಯ ತುಂಡು ಮುರಿದು, ಊದಿ, ಹುಡುಗಿಯ ಬಾಯಿಗಿಟ್ಟಳು. ಬಂದರಿನ ಕಡೆಯಿಂದ ಹಡಗಿನ ಕೂಗು ಕೇಳಿಸಿತು. ಲೆಸಿಯೆಲಿ ಅಗಿಯುತ್ತಿದ್ದಳು. ಮಡಿಲಲ್ಲಿ ಅವಳ ಎರಡೂ ಅಂಗೈಗಳು ಮೇಲ್ಮುಖವಾಗಿ, ಇನ್ನೂ ಭಾರ ಹೊತ್ತಂತೆ, ಬಟ್ಟಲಾಗಿಯೇ ಇದ್ದವು.